ಹಾರ್ನೆಸ್ ಸಹಿತ ಆರೋಹಣ ಚಡ್ಡಿ

ಹಾರ್ನೆಸ್ ಸಹಿತ ಆರೋಹಣ ಚಡ್ಡಿ ಅಥವಾ ಹಾರ್ನೆಸ್ ಚಡ್ಡಿ ಎಂಬುದು ಶಿಲಾರೋಹಣದ ಸುರಕ್ಷತಾ ಪಟ್ಟಿಗಳನ್ನು ಒಳಭಾಗದಲ್ಲಿ ಹೊಲಿದು ಸೇರಿಸಿರುವ, ಮೊಣಕಾಲಿನ ವರೆಗಿನ ಉಡುಪಾಗಿದೆ. ಸಾಮಾನ್ಯವಾಗಿ ಆರೋಹಿಗಳು ಚಡ್ಡಿ ಅಥವಾ ಪ್ಯಾಂಟಿನ ಮೇಲೆ ಹಾರ್ನೆಸ್ ಎಂಬ ಪ್ರತ್ಯೇಕ ಸಾಧನವನ್ನು ಸೊಂಟ ಮತ್ತು ತೊಡೆಗಳಿಗೆ ಕಟ್ಟಿಕೊಳ್ಳುತ್ತಾರೆ. ಹಾರ್ನೆಸ್ ಚಡ್ಡಿಯಲ್ಲಿ ಇವೆರಡೂ ಒಂದೇ ಆಗಿರುತ್ತವೆ. ಹಗ್ಗ ಕಟ್ಟುವ ಭಾಗ ಮಾತ್ರ ಮುಂಭಾಗದಲ್ಲಿ ಹೊರಗೆ ಕಾಣಿಸುತ್ತದೆ. ಭಾರ ಹೊರುವ ಪಟ್ಟಿಗಳ ಬಹುಭಾಗ ಬಟ್ಟೆಯ ಒಳಗಿರುತ್ತದೆ. ಒಳಾಂಗಣ ಆರೋಹಣ ಕೇಂದ್ರಗಳಲ್ಲಿ, ಕೃತಕ ಗೋಡೆಗಳನ್ನು ಏರುವವರ ಅನುಕೂಲಕ್ಕಾಗಿ ಇದನ್ನು ರೂಪಿಸಲಾಗಿದೆ.

ಈ ಉಡುಪು ಧರಿಸಲು ಸುಲಭ, ಓಡಾಡಲು ಹಗುರ. ಆದರೆ ಜೀವರಕ್ಷಕ ಸಾಧನವೊಂದು ಬಟ್ಟೆಯೊಳಗೆ ಮರೆಯಾಗುವುದರಿಂದ, ಅದನ್ನು ಪರೀಕ್ಷಿಸುವ ಕ್ರಮ ಹೆಚ್ಚು ಕಟ್ಟುನಿಟ್ಟಾಗಿರಬೇಕಾಗುತ್ತದೆ. ಹಾರ್ನೆಸ್ ಚಡ್ಡಿಯ ಗುಣ ಮತ್ತು ಮಿತಿ ಎರಡೂ ಈ ಒಂದೇ ಅಂಶದಿಂದ ಹುಟ್ಟುತ್ತವೆ.

ಹಿನ್ನೆಲೆ

ಹಗ್ಗದ ಆರೋಹಣದಲ್ಲಿ ಹಗ್ಗವು ಮೇಲಕ್ಕೆ ಎಳೆಯುವ ಸಾಧನವಲ್ಲ. ಆರೋಹಿಯು ತನ್ನ ಕೈಕಾಲುಗಳ ಬಲದಿಂದಲೇ ಏರುತ್ತಾನೆ. ಕೈ ಜಾರಿದಾಗ ಅಥವಾ ಕಾಲು ತಪ್ಪಿದಾಗ ನೆಲಕ್ಕೆ ಬೀಳದಂತೆ ತಡೆಯುವುದಷ್ಟೇ ಹಗ್ಗದ ಕೆಲಸ. ಕೆಳಗೆ ನಿಂತ ಜೊತೆಗಾರನು ಹಗ್ಗವನ್ನು ಒಂದು ಹಿಡಿತ ಸಾಧನದ ಮೂಲಕ ನಿಯಂತ್ರಿಸುತ್ತಾನೆ. ಈ ಕ್ರಿಯೆಯನ್ನು ಬಿಲೇ ಎಂದು, ಅದನ್ನು ಮಾಡುವವರನ್ನು ಬಿಲೇಯರ್ ಎಂದು ಕರೆಯುತ್ತಾರೆ. ಬಿದ್ದ ದೇಹದ ಭಾರವನ್ನು ಹಗ್ಗದಿಂದ ಪಡೆದು ಸೊಂಟ ಮತ್ತು ತೊಡೆಗಳಿಗೆ ಹಂಚುವ ಸಾಧನವೇ ಹಾರ್ನೆಸ್.

ಭಾರವನ್ನು ಹೀಗೆ ಹಂಚುವುದು ಕೇವಲ ಆರಾಮದ ವಿಷಯವಲ್ಲ. ಸೊಂಟಕ್ಕೆ ಮಾತ್ರ ಹಗ್ಗ ಕಟ್ಟಿಕೊಂಡು ತೂಗಾಡಿದರೆ ಹಗ್ಗವು ಪಕ್ಕೆಲುಬುಗಳ ಕೆಳಗೆ ಒತ್ತಿಕೊಂಡು ಉಸಿರಾಟಕ್ಕೆ ತಡೆಯುಂಟಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುವ ಸಾಧ್ಯತೆ ಇರುತ್ತದೆ. ತೊಡೆಗಳಿಗೂ ಪಟ್ಟಿಗಳಿದ್ದಾಗ ದೇಹವು ಕುಳಿತ ಭಂಗಿಯಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಸೊಂಟಪಟ್ಟಿ ಮತ್ತು ಕಾಲುಪಟ್ಟಿಗಳನ್ನುಳ್ಳ ಸಾಧನವನ್ನು ಆಸನ ಹಾರ್ನೆಸ್ ಎಂದು ಕರೆಯಲಾಗುತ್ತದೆ. ಹಾರ್ನೆಸ್ ಚಡ್ಡಿಯು ಈ ಆಸನ ಹಾರ್ನೆಸ್‌ನ ಒಂದು ರೂಪಾಂತರವಾಗಿದೆ.

ಇತಿಹಾಸ

ಆರಂಭಿಕ ಪರ್ವತಾರೋಹಿಗಳು ನಾರಿನ ಹಗ್ಗವನ್ನು ನೇರವಾಗಿ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಹಗ್ಗಗಳು ಬಳಕೆಗೆ ಬಂದವು. ಇವು ಎಳೆತಕ್ಕೆ ಹಿಗ್ಗುವ ಗುಣ ಹೊಂದಿದ್ದರಿಂದ ಬೀಳುವಾಗಿನ ಆಘಾತ ಕಡಿಮೆಯಾಯಿತು. ಮುಂದೆ ಅಗಲವಾದ ನೈಲಾನ್ ಪಟ್ಟಿಯನ್ನು ಸೊಂಟಕ್ಕೆ ಹಲವು ಸುತ್ತು ಸುತ್ತಿ, ಅದಕ್ಕೆ ಹಗ್ಗ ಕಟ್ಟುವ ಪದ್ಧತಿ ಅಮೆರಿಕದಲ್ಲಿ ಪ್ರಚಲಿತವಾಯಿತು. ಇದನ್ನು ಸ್ವಾಮಿ ಬೆಲ್ಟ್ ಎಂದು ಕರೆಯಲಾಗುತ್ತಿತ್ತು.

1970ರಲ್ಲಿ ಕ್ರಿಸ್ ಬಾನಿಂಗ್ಟನ್ ನೇತೃತ್ವದ ಬ್ರಿಟಿಷ್ ತಂಡವು ನೇಪಾಳದ ಅನ್ನಪೂರ್ಣಾ ಪರ್ವತದ ದಕ್ಷಿಣ ಮುಖವನ್ನು ಏರಿತು. ಈ ಯಾತ್ರೆಗಾಗಿ ಡಾನ್ ವಿಲನ್ಸ್ ರೂಪಿಸಿದ ಆಸನ ಹಾರ್ನೆಸ್ ಅನ್ನು ಇಂಗ್ಲೆಂಡಿನ ಟ್ರೋಲ್ ಸಂಸ್ಥೆ ತಯಾರಿಸಿತು. ‘ವಿಲನ್ಸ್ ಹಾರ್ನೆಸ್’ ಎಂಬ ಹೆಸರಿನಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ಅದೇ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಹೊರತಂದ ‘ಮಾರ್ಕ್ 5’ ಮಾದರಿಯಲ್ಲಿ ಸೊಂಟಪಟ್ಟಿ, ಎರಡು ಕಾಲುಪಟ್ಟಿಗಳು ಮತ್ತು ಅವುಗಳನ್ನು ಮುಂಭಾಗದಲ್ಲಿ ಜೋಡಿಸುವ ಬಿಲೇ ಲೂಪ್ ಎಂಬ ಬಳೆ ಇದ್ದವು. ಇಂದಿನ ಬಹುತೇಕ ಹಾರ್ನೆಸ್‌ಗಳು ಈ ವಿನ್ಯಾಸವನ್ನೇ ಅನುಸರಿಸುತ್ತವೆ.

ಇದೇ ಅವಧಿಯಲ್ಲಿ ಆರೋಹಣವು ಬೆಟ್ಟಗಳಿಂದ ಕಟ್ಟಡಗಳ ಒಳಗೂ ಬಂದಿತು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ನಿರ್ಮಿಸಿದ ಗೋಡೆಯು ಆರಂಭಿಕ ಕೃತಕ ಆರೋಹಣ ಗೋಡೆಗಳಲ್ಲಿ ಪ್ರಸಿದ್ಧವಾದುದು. 1987ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಆ ದೇಶದ ಮೊದಲ ವಾಣಿಜ್ಯ ಒಳಾಂಗಣ ಆರೋಹಣ ಕೇಂದ್ರ ಆರಂಭವಾಯಿತು. ಇಂತಹ ಕೇಂದ್ರಗಳು ಹೆಚ್ಚಿದಂತೆ, ಬೆಟ್ಟಕ್ಕೆ ಎಂದೂ ಹೋಗದೆ ವ್ಯಾಯಾಮಕ್ಕಾಗಿ ಮಾತ್ರ ಗೋಡೆ ಏರುವ ಹೊಸ ಬಳಕೆದಾರರ ವರ್ಗ ರೂಪುಗೊಂಡಿತು. ಇವರಿಗೆ ಹಿಮಕೊಡಲಿ ಅಥವಾ ಬಂಡೆಯ ಬಿರುಕಿಗೆ ಸಿಕ್ಕಿಸುವ ಲೋಹದ ಸಾಧನಗಳನ್ನು ತೂಗುಹಾಕುವ ಅಗತ್ಯವಿರಲಿಲ್ಲ. ಹಗುರವಾದ, ಬೇಗ ಧರಿಸಬಹುದಾದ ಸಾಧನ ಸಾಕಾಗಿತ್ತು.

ಈ ಅಗತ್ಯಕ್ಕೆ ದೊರೆತ ಉತ್ತರಗಳಲ್ಲಿ ಹಾರ್ನೆಸ್ ಚಡ್ಡಿ ಒಂದು. 1862ರಲ್ಲಿ ಸ್ಥಾಪನೆಯಾಗಿ, ಹಗ್ಗ ತಯಾರಿಕೆಯಿಂದ ಆರಂಭಿಸಿದ ಸ್ವಿಟ್ಜರ್ಲೆಂಡಿನ ಮಾಮುಟ್ ಸಂಸ್ಥೆಯು 2010ರ ದಶಕದಲ್ಲಿ ‘ರಿಯಲೈಸೇಷನ್ ಶಾರ್ಟ್ಸ್’ ಎಂಬ ಹೆಸರಿನಲ್ಲಿ ಪುರುಷರಿಗೂ ಮಹಿಳೆಯರಿಗೂ ಇಂತಹ ಉಡುಪನ್ನು ಹೊರತಂದಿತು. ಈ ಬಗೆಯ ಉಡುಪುಗಳಲ್ಲಿ ಹೆಚ್ಚು ಪರಿಚಿತವಾದುದು ಇದೇ ಮಾದರಿ.

ರಚನೆ

ಹಾರ್ನೆಸ್ ಚಡ್ಡಿಯಲ್ಲಿ ಎರಡು ಪದರಗಳನ್ನು ಗುರುತಿಸಬಹುದು. ಹೊರಗಿನದು ಬಟ್ಟೆ, ಒಳಗಿನದು ಭಾರ ಹೊರುವ ಪಟ್ಟಿಗಳ ಚೌಕಟ್ಟು. ಬಟ್ಟೆಯ ಯಾವ ಭಾಗವೂ ಬೀಳುವ ದೇಹದ ಭಾರವನ್ನು ಹೊರುವುದಿಲ್ಲ. ಚಡ್ಡಿ ಹರಿದರೂ ಪಟ್ಟಿಗಳು ತಮ್ಮ ಕೆಲಸ ಮಾಡಬೇಕು ಎಂಬುದು ವಿನ್ಯಾಸದ ಮೂಲ ನಿಯಮ. ಇದರ ಮುಖ್ಯ ಭಾಗಗಳು ಹೀಗಿವೆ:

ಸೊಂಟಪಟ್ಟಿ: ಸೊಂಟದ ಸುತ್ತ, ಸೊಂಟದ ಮೂಳೆಗಳ ಮೇಲ್ಭಾಗದಲ್ಲಿ ಕೂರುವ ಅಗಲವಾದ ಪಟ್ಟಿ. ಇದನ್ನು ಬಕಲ್‌ನಿಂದ ಬಿಗಿಗೊಳಿಸಲಾಗುತ್ತದೆ. ತಲೆಕೆಳಗಾಗಿ ಬಿದ್ದಾಗ ದೇಹವು ಜಾರಿ ಹೊರಬರದಂತೆ ತಡೆಯುವುದು ಈ ಪಟ್ಟಿಯೇ.

ಕಾಲುಪಟ್ಟಿಗಳು: ತೊಡೆಗಳ ಸುತ್ತ ಬರುವ ಎರಡು ಪಟ್ಟಿಗಳು. ಹಾರ್ನೆಸ್ ಚಡ್ಡಿಯಲ್ಲಿ ಇವು ಬಟ್ಟೆಯ ಒಳಗೆ ಮರೆಯಾಗಿರುತ್ತವೆ.

ಹಗ್ಗ ಕಟ್ಟುವ ಬಳೆಗಳು: ಸೊಂಟಪಟ್ಟಿಯ ಮುಂಭಾಗದಲ್ಲಿ ಒಂದು, ಕಾಲುಪಟ್ಟಿಗಳು ಸೇರುವಲ್ಲಿ ಒಂದು. ಹಗ್ಗವನ್ನು ಈ ಎರಡರ ಮೂಲಕವೂ ಹಾಯಿಸಿ ಗಂಟು ಹಾಕಲಾಗುತ್ತದೆ.

ಬಿಲೇ ಲೂಪ್: ಮೇಲಿನ ಎರಡು ಬಳೆಗಳನ್ನು ಜೋಡಿಸುವ ದಪ್ಪನೆಯ ಬಳೆ. ಬಿಲೇ ಮಾಡುವಾಗ ಅಥವಾ ಹಗ್ಗದ ಮೇಲೆ ಕೆಳಗಿಳಿಯುವಾಗ ಕ್ಯಾರಬೀನರ್ ಎಂಬ ಲೋಹದ ಕೊಂಡಿಯನ್ನು ಇದಕ್ಕೆ ಸಿಕ್ಕಿಸಲಾಗುತ್ತದೆ.

ಸಲಕರಣೆ ಬಳೆಗಳು: ಸಾಮಾನ್ಯ ಹಾರ್ನೆಸ್‌ಗಳ ಸೊಂಟದ ಪಕ್ಕಗಳಲ್ಲಿ ಕೊಂಡಿಗಳನ್ನೂ ಸೀಮೆಸುಣ್ಣದ ಪುಡಿಯ ಚೀಲವನ್ನೂ ತೂಗುಹಾಕಲು ಇರುವ ತೆಳುವಾದ ಬಳೆಗಳು. ಇವು ಸಾಮಾನುಗಳಿಗೆ ಮಾತ್ರ. ಇವುಗಳಿಗೆ ಎಂದೂ ಹಗ್ಗ ಕಟ್ಟಬಾರದು.

ಬಟ್ಟೆಯೊಳಗೆ ದಪ್ಪನೆಯ ಮೆತ್ತೆಗಳಿಗೆ ಜಾಗವಿರುವುದಿಲ್ಲ. ಆದ್ದರಿಂದ ಕೆಲವು ಆಧುನಿಕ ಹಾರ್ನೆಸ್‌ಗಳಲ್ಲಿ ಒಂದು ದಪ್ಪ ಪಟ್ಟಿಯ ಬದಲು ಎರಡಾಗಿ ಸೀಳಿ ಅಗಲಿಸಿದ ಪಟ್ಟಿಯನ್ನು ಬಳಸಲಾಗುತ್ತದೆ. ಭಾರವು ಪಟ್ಟಿಯ ಎರಡು ಅಂಚುಗಳಿಗೆ ಹಂಚಿಹೋಗುವುದರಿಂದ ಮೆತ್ತೆಯಿಲ್ಲದೆಯೂ ಒತ್ತಡ ಕಡಿಮೆಯಾಗುತ್ತದೆ. ಹಾರ್ನೆಸ್ ಚಡ್ಡಿಯಂತಹ ಉಡುಪು ಸಾಧ್ಯವಾದುದು ಈ ಬಗೆಯ ತೆಳುವಾದ ಪಟ್ಟಿಗಳಿಂದ.

ಹೊಲಿಗೆ

ಹಾರ್ನೆಸ್‌ನ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವುದು ಹೊಲಿಗೆಯೇ. ಒಂದೇ ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹಾಕುವ ಬಾರ್‌ಟ್ಯಾಕ್ ಎಂಬ ಹೊಲಿಗೆಯನ್ನು ಇದಕ್ಕೆ ಬಳಸಲಾಗುತ್ತದೆ. ಇದು ಉಡುಪು ತಯಾರಿಕೆಯಲ್ಲಿ ಹೊಸತಲ್ಲ. ಜೀನ್ಸ್ ಪ್ಯಾಂಟಿನ ಬೆಲ್ಟ್ ಸಿಕ್ಕಿಸುವ ಪಟ್ಟಿಗಳಲ್ಲೂ ಜೇಬಿನ ಮೂಲೆಗಳಲ್ಲೂ ಕಾಣುವುದು ಇದೇ ಹೊಲಿಗೆ. ಬೆಂಗಳೂರು ಮತ್ತು ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಪರಿಚಯದ ಹೊಲಿಗೆ.

ವ್ಯತ್ಯಾಸವಿರುವುದು ಹೊಲಿಗೆಯ ಹೊಣೆಯಲ್ಲಿ. ಪ್ಯಾಂಟಿನ ಬಾರ್‌ಟ್ಯಾಕ್ ಬಿಚ್ಚಿದರೆ ಬಟ್ಟೆ ಹಾಳಾಗುತ್ತದೆ. ಹಾರ್ನೆಸ್‌ನ ಬಾರ್‌ಟ್ಯಾಕ್ ಬಿಚ್ಚಿದರೆ ಜೀವ ಹೋಗುತ್ತದೆ. ಆದ್ದರಿಂದ ಹಾರ್ನೆಸ್‌ಗಳಲ್ಲಿ ಭಾರ ಹೊರುವ ಹೊಲಿಗೆಯ ದಾರವು ಪಟ್ಟಿಯ ಬಣ್ಣಕ್ಕಿಂತ ಬೇರೆಯಾಗಿ ಎದ್ದು ಕಾಣುವಂತಿರುತ್ತದೆ. ಕಪ್ಪು ಪಟ್ಟಿಯ ಮೇಲೆ ಹಳದಿ ದಾರ ಸವೆದಿದ್ದರೆ ಅಥವಾ ತುಂಡಾಗಿದ್ದರೆ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಹಾರ್ನೆಸ್ ಚಡ್ಡಿಯಲ್ಲಿ ಈ ಹೊಲಿಗೆಗಳಲ್ಲಿ ಕೆಲವು ಬಟ್ಟೆಯಡಿ ಇರುವುದರಿಂದ, ಉಡುಪನ್ನು ಒಳಮಗ್ಗುಲಾಗಿ ತಿರುಗಿಸಿ ನೋಡದ ಹೊರತು ಆ ಎಚ್ಚರಿಕೆಯ ಬಣ್ಣ ಕಾಣುವುದಿಲ್ಲ.

ಮನೆಯಲ್ಲಿ ಅಥವಾ ದರ್ಜಿಯ ಬಳಿ ಸಾಮಾನ್ಯ ಚಡ್ಡಿಗೆ ಪಟ್ಟಿಗಳನ್ನು ಹೊಲಿಸಿಕೊಂಡು ಹಾರ್ನೆಸ್‌ನಂತೆ ಬಳಸುವುದು ಅತ್ಯಂತ ಅಪಾಯಕಾರಿ. ಪಟ್ಟಿಯ ಗುಣಮಟ್ಟ, ದಾರದ ಬಲ ಹಾಗೂ ಹೊಲಿಗೆಯ ವಿನ್ಯಾಸ ಮೂರನ್ನೂ ಒಟ್ಟಾಗಿ ಯಂತ್ರದಲ್ಲಿ ಎಳೆದು ಪರೀಕ್ಷಿಸಿದ ನಂತರವೇ ಹಾರ್ನೆಸ್ ಮಾರುಕಟ್ಟೆಗೆ ಬರಬೇಕು. ಹಾಗೆಯೇ ಹಾರ್ನೆಸ್ ಚಡ್ಡಿ ಸಡಿಲವಾಯಿತೆಂದು ಒಳಗಿನ ಪಟ್ಟಿಗಳನ್ನು ಹಿಡಿಸಿ ಹೊಲಿಸಲೂಬಾರದು.

ಮಾನದಂಡಗಳು

ಯುರೋಪಿನಲ್ಲಿ ಆರೋಹಣ ಹಾರ್ನೆಸ್‌ಗಳಿಗೆ ಇಎನ್ 12277 ಎಂಬ ಮಾನದಂಡವಿದೆ. ಅಂತಾರಾಷ್ಟ್ರೀಯ ಪರ್ವತಾರೋಹಣ ಸಂಘಗಳ ಒಕ್ಕೂಟವಾದ ಯುಐಎಎ (ಸ್ಥಾಪನೆ 1932) ತನ್ನದೇ ಆದ 105ನೇ ಸಂಖ್ಯೆಯ ಮಾನದಂಡವನ್ನು ಹೊಂದಿದೆ. ಇಎನ್ 12277 ಹಾರ್ನೆಸ್‌ಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸುತ್ತದೆ: ‘ಎ’ ಬಗೆಯು ಪೂರ್ಣ ದೇಹದ ಹಾರ್ನೆಸ್, ‘ಬಿ’ ಬಗೆಯು 40 ಕಿಲೋಗ್ರಾಂ ವರೆಗಿನ ತೂಕದವರ ಪೂರ್ಣ ದೇಹದ ಹಾರ್ನೆಸ್, ‘ಸಿ’ ಬಗೆಯು ಆಸನ ಹಾರ್ನೆಸ್, ‘ಡಿ’ ಬಗೆಯು ಎದೆಯ ಹಾರ್ನೆಸ್. ಆರೋಹಣಕ್ಕೆ ಬಳಸುವ ಹಾರ್ನೆಸ್ ಚಡ್ಡಿಯು ‘ಸಿ’ ಬಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು.

‘ಸಿ’ ಬಗೆಯ ಪರೀಕ್ಷೆಯಲ್ಲಿ ಹಾರ್ನೆಸ್ ಅನ್ನು ದೇಹದಾಕಾರದ ಗೊಂಬೆಗೆ ತೊಡಿಸಿ 15 ಕಿಲೋನ್ಯೂಟನ್ ಬಲದಿಂದ ಎಳೆಯಲಾಗುತ್ತದೆ. ಇದು ಸುಮಾರು 1,500 ಕಿಲೋಗ್ರಾಂ ತೂಕವನ್ನು ತೂಗುಹಾಕಿದಷ್ಟು ಬಲ. ಆರೋಹಣದ ಒಂಟಿ ಹಗ್ಗಗಳು ಪ್ರಮಾಣಿತ ಪರೀಕ್ಷೆಯ ಮೊದಲ ಬೀಳಿಕೆಯಲ್ಲಿ 12 ಕಿಲೋನ್ಯೂಟನ್‌ಗಿಂತ ಹೆಚ್ಚಿನ ಆಘಾತವನ್ನು ಉಂಟುಮಾಡಬಾರದೆಂಬ ನಿಯಮವಿದೆ. ಹೀಗಾಗಿ ಹೊಸದಾದ, ಸರಿಯಾಗಿ ಧರಿಸಿದ ಹಾರ್ನೆಸ್ ಬೀಳುವಿಕೆಯಿಂದ ಹರಿಯುವುದಿಲ್ಲ. ಅಪಾಯ ಎದುರಾಗುವುದು ಸವೆತ ಮತ್ತು ಮರೆವು ಎಂಬ ಎರಡು ದಾರಿಗಳಿಂದ.

ಯುರೋಪಿಯನ್ ಒಕ್ಕೂಟದ 2016/425ನೇ ಸಂಖ್ಯೆಯ ನಿಯಮದ ಪ್ರಕಾರ ಎತ್ತರದಿಂದ ಬೀಳುವುದನ್ನು ತಡೆಯುವ ಸಾಧನಗಳು ವೈಯಕ್ತಿಕ ರಕ್ಷಣಾ ಸಾಧನಗಳ ಮೂರನೆಯ ವರ್ಗಕ್ಕೆ, ಅಂದರೆ ಸಾವು ಅಥವಾ ಶಾಶ್ವತ ಹಾನಿಯ ಅಪಾಯವನ್ನು ತಡೆಯುವ ವರ್ಗಕ್ಕೆ ಸೇರುತ್ತವೆ. ಹೀಗಾಗಿ ಹಾರ್ನೆಸ್ ಚಡ್ಡಿಯು ನೋಡಲು ಉಡುಪಾದರೂ ಕಾನೂನಿನ ದೃಷ್ಟಿಯಲ್ಲಿ ಜೀವರಕ್ಷಕ ಸಾಧನವಾಗಿದೆ. ಅದರ ಚೀಟಿಯ ಮೇಲೆ ಸಿಇ ಗುರುತು ಮತ್ತು ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಖ್ಯೆ, ಮಾನದಂಡದ ಸಂಖ್ಯೆ, ಬಗೆ, ಅಳತೆ ಹಾಗೂ ತಯಾರಿಕೆಯ ವಿವರಗಳು ಇರಬೇಕು.

ಭಾರತದಲ್ಲಿ ಕಟ್ಟಡ ಕಾರ್ಮಿಕರು ಬಳಸುವ ಸುರಕ್ಷತಾ ಬೆಲ್ಟ್ ಮತ್ತು ಹಾರ್ನೆಸ್‌ಗಳಿಗೆ ಐಎಸ್ 3521 ಎಂಬ ಮಾನದಂಡವಿದೆ. ಆ ಹಾರ್ನೆಸ್‌ಗಳಲ್ಲಿ ಸಾಮಾನ್ಯವಾಗಿ ಬೆನ್ನಿನ ಮೇಲೆ ಲೋಹದ ಬಳೆ ಇರುತ್ತದೆ. ಕಾರ್ಮಿಕನು ಒಂದೆಡೆ ನಿಂತು ಎರಡೂ ಕೈಗಳಿಂದ ಕೆಲಸ ಮಾಡುವಾಗ ರಕ್ಷಣೆ ನೀಡಲು ಅವುಗಳನ್ನು ರೂಪಿಸಲಾಗಿದೆ. ಆರೋಹಣದಲ್ಲಿ ಹಗ್ಗವು ದೇಹದ ಮುಂಭಾಗದಲ್ಲಿ ಇರಬೇಕಾದ್ದರಿಂದ ಬೆನ್ನಿಗೆ ಮಾತ್ರ ಬಳೆಯಿರುವ ಬೆಲ್ಟ್‌ಗಳು ಆರೋಹಣಕ್ಕೆ ಸೂಕ್ತವಲ್ಲ. ಹಾಗೆಯೇ ಹಾರ್ನೆಸ್ ಚಡ್ಡಿಯನ್ನು ಕಟ್ಟಡದ ಕೆಲಸಕ್ಕೆ ಬಳಸುವುದೂ ತಪ್ಪು.

ಒಳಾಂಗಣ ಗೋಡೆಗಳಲ್ಲಿ ಬಳಕೆ

ಒಳಾಂಗಣ ಕೇಂದ್ರಗಳಲ್ಲಿ ನಾಲ್ಕು ಬಗೆಯ ಆರೋಹಣಗಳನ್ನು ಕಾಣಬಹುದು. ಟಾಪ್ ರೋಪ್ ಪದ್ಧತಿಯಲ್ಲಿ ಹಗ್ಗವು ಗೋಡೆಯ ತುದಿಯ ಕೊಂಡಿಯ ಮೂಲಕ ಮೊದಲೇ ಹಾದುಬಂದಿರುತ್ತದೆ. ಆದ್ದರಿಂದ ಬಿದ್ದರೂ ಆರೋಹಿಯು ಸ್ವಲ್ಪವೇ ಕೆಳಗೆ ಬರುತ್ತಾನೆ. ಲೀಡ್ ಪದ್ಧತಿಯಲ್ಲಿ ಆರೋಹಿಯು ಹಗ್ಗವನ್ನು ತನ್ನೊಂದಿಗೆ ಒಯ್ಯುತ್ತ ದಾರಿಯ ಕೊಂಡಿಗಳಿಗೆ ಸಿಕ್ಕಿಸುತ್ತ ಹೋಗುತ್ತಾನೆ. ಇಲ್ಲಿ ಬೀಳುವ ದೂರ ಹೆಚ್ಚು. ಸ್ವಯಂಚಾಲಿತ ಬಿಲೇ ಯಂತ್ರವಿರುವಲ್ಲಿ ಜೊತೆಗಾರನ ಬದಲು ಗೋಡೆಯ ತುದಿಯ ಯಂತ್ರವೇ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಬೋಲ್ಡರಿಂಗ್ ಎಂಬ ನಾಲ್ಕನೆಯ ಬಗೆಯಲ್ಲಿ ಕಡಿಮೆ ಎತ್ತರದ ಗೋಡೆಯನ್ನು ಹಗ್ಗವಿಲ್ಲದೆ ಏರಿ ಕೆಳಗಿನ ದಪ್ಪ ಹಾಸಿನ ಮೇಲೆ ಇಳಿಯಲಾಗುತ್ತದೆ. ಇದಕ್ಕೆ ಹಾರ್ನೆಸ್ ಬೇಕಿಲ್ಲ.

ಹಾರ್ನೆಸ್ ಚಡ್ಡಿಯು ಮೊದಲ ಮೂರು ಬಗೆಗಳಿಗೆ ಉಪಯುಕ್ತ. ಧರಿಸುವ ಕ್ರಮ ಹೀಗಿದೆ: ಮೊದಲು ಉಡುಪನ್ನು ಒಳಮಗ್ಗುಲಾಗಿ ತಿರುಗಿಸಿ ಪಟ್ಟಿಗಳನ್ನೂ ಹೊಲಿಗೆಗಳನ್ನೂ ನೋಡಬೇಕು. ಧರಿಸಿದ ಮೇಲೆ ಸೊಂಟಪಟ್ಟಿಯು ಸೊಂಟದ ಮೂಳೆಗಳಿಗಿಂತ ಮೇಲೆ ಕುಳಿತಿದೆಯೇ ಎಂದು ಖಚಿತಪಡಿಸಿಕೊಂಡು, ಎರಡೂ ಕೈಗಳಿಂದ ಕೆಳಕ್ಕೆ ಎಳೆದರೂ ಜಾರದಷ್ಟು ಬಿಗಿಗೊಳಿಸಬೇಕು. ಅಂಗಿಯನ್ನು ಚಡ್ಡಿಯೊಳಗೆ ಸೇರಿಸಿ ಮುಂಭಾಗದ ಬಳೆಗಳು ಪೂರ್ಣವಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಹಗ್ಗವನ್ನು 8ರ ಆಕಾರದ ಗಂಟಿನಿಂದ ಎರಡೂ ಬಳೆಗಳ ಮೂಲಕ ಕಟ್ಟಿ, ತುದಿಯನ್ನು ಹಿಂತಿರುಗಿಸಿ ಗಂಟನ್ನು ಪೂರ್ಣಗೊಳಿಸಬೇಕು. ಕೊನೆಯದಾಗಿ ಆರೋಹಿ ಮತ್ತು ಬಿಲೇಯರ್ ಇಬ್ಬರೂ ಒಬ್ಬರದನ್ನೊಬ್ಬರು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕು.

ಅನುಕೂಲಗಳು

ಪ್ರತ್ಯೇಕ ಹಾರ್ನೆಸ್‌ಗೆ ಹೋಲಿಸಿದರೆ ಹಾರ್ನೆಸ್ ಚಡ್ಡಿಯ ಪಟ್ಟಿಗಳು ತಿರುಚಿಕೊಳ್ಳುವ ಸಂಭವ ಕಡಿಮೆ. ಹೊಸಬರು ಸಾಮಾನ್ಯ ಹಾರ್ನೆಸ್ ಧರಿಸುವಾಗ ಎಡಗಾಲನ್ನು ಬಲಗಾಲಿನ ಪಟ್ಟಿಯೊಳಗೆ ಹಾಕುವುದು, ಹಿಂದುಮುಂದಾಗಿ ಧರಿಸುವುದು ಮುಂತಾದ ತಪ್ಪುಗಳನ್ನು ಮಾಡುವುದುಂಟು. ಚಡ್ಡಿಯಲ್ಲಿ ಪಟ್ಟಿಗಳು ನಿಗದಿತ ಜಾಗದಲ್ಲೇ ಇರುವುದರಿಂದ ಈ ಗೊಂದಲವಿರುವುದಿಲ್ಲ. ಬಟ್ಟೆ ಮತ್ತು ಪಟ್ಟಿಯ ನಡುವೆ ಉಜ್ಜಾಟ ಕಡಿಮೆಯಾಗುತ್ತದೆ. ಬಟ್ಟೆಯು ಹಾರ್ನೆಸ್‌ನ ಅಡಿಯಲ್ಲಿ ಮುದ್ದೆಗಟ್ಟುವುದಿಲ್ಲ. ಕೇಂದ್ರಕ್ಕೆ ಒಯ್ಯಬೇಕಾದ ಸಾಮಾನು ಒಂದು ಕಡಿಮೆಯಾಗುತ್ತದೆ. ಏರುವುದರ ನಡುವೆ ವಿಶ್ರಾಂತಿ ಪಡೆಯುವಾಗ ಅಥವಾ ಬೋಲ್ಡರಿಂಗ್ ಗೋಡೆಗೆ ಹೋಗುವಾಗ ಹಾರ್ನೆಸ್ ಬಿಚ್ಚಿಡುವ ಅಗತ್ಯ ಬೀಳುವುದಿಲ್ಲ.

ಮಿತಿಗಳು ಮತ್ತು ಅಪಾಯಗಳು

ಹಾರ್ನೆಸ್ ಚಡ್ಡಿಯ ಮಿತಿಗಳನ್ನು ಅರಿಯಲು ಆರೋಹಣದ ಇತಿಹಾಸದ ಮೂರು ಪ್ರಸಿದ್ಧ ಅವಘಡಗಳು ಸಹಾಯಕವಾಗಿವೆ. ಇವುಗಳಲ್ಲಿ ಯಾವುದೂ ಹಾರ್ನೆಸ್ ಚಡ್ಡಿಯಿಂದ ಸಂಭವಿಸಿದ್ದಲ್ಲ. ಆದರೆ ಮೂರೂ ತಪಾಸಣೆಯ ಮಹತ್ವವನ್ನು ತೋರಿಸುತ್ತವೆ.

1989ರ ಮೇ 9ರಂದು ಅಮೆರಿಕದ ಪ್ರಸಿದ್ಧ ಆರೋಹಿ ಲಿನ್ ಹಿಲ್ ಅವರು ಫ್ರಾನ್ಸಿನ ಬ್ಯೂಕ್ಸ್ ಎಂಬಲ್ಲಿ ಸುಮಾರು 22 ಮೀಟರ್ ಎತ್ತರದಿಂದ ಬಿದ್ದರು. ಹಗ್ಗವನ್ನು ಹಾರ್ನೆಸ್‌ಗೆ ಹಾಯಿಸಿದ್ದ ಅವರು ಗಮನ ಬೇರೆಡೆ ಹರಿದುದರಿಂದ ಗಂಟನ್ನು ಪೂರ್ಣಗೊಳಿಸಿರಲಿಲ್ಲ. ಅವರು ಧರಿಸಿದ್ದ ಮೇಲಂಗಿಯು ಅರ್ಧ ಗಂಟನ್ನು ಮರೆಮಾಡಿತ್ತು. ಮರದ ಕೊಂಬೆಗಳ ಮೂಲಕ ಬಿದ್ದುದರಿಂದ ಜೀವ ಉಳಿಯಿತು. ಮುಂದೆ 1993ರಲ್ಲಿ ಅವರು ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಮಾರ್ಗವನ್ನು ಕೃತಕ ಆಧಾರವಿಲ್ಲದೆ ಏರಿದ ಮೊದಲ ವ್ಯಕ್ತಿಯಾದರು. ಬಟ್ಟೆಯು ಗಂಟನ್ನು ಮರೆಮಾಡಬಾರದು ಎಂಬ ಪಾಠಕ್ಕೆ ಈ ಘಟನೆ ಇಂದಿಗೂ ಉದಾಹರಣೆಯಾಗಿದೆ.

2006ರ ಅಕ್ಟೋಬರ್ 23ರಂದು ಮತ್ತೊಬ್ಬ ಅಮೆರಿಕನ್ ಆರೋಹಿ ಟಾಡ್ ಸ್ಕಿನ್ನರ್ ಅವರು ಯೊಸೆಮಿಟಿಯ ಲೀನಿಂಗ್ ಟವರ್‌ನಲ್ಲಿ ಹಗ್ಗದ ಮೇಲೆ ಇಳಿಯುತ್ತಿದ್ದಾಗ ಅವರ ಹಾರ್ನೆಸ್‌ನ ಬಿಲೇ ಲೂಪ್ ಹರಿದು ಮೃತಪಟ್ಟರು. ಬಹುಕಾಲದ ಬಳಕೆಯಿಂದ ಆ ಬಳೆ ಸವೆದಿತ್ತು. ಸವೆತವು ಅದಕ್ಕೂ ಮೊದಲೇ ಗಮನಕ್ಕೆ ಬಂದಿತ್ತು. ಹೊಸ ಹಾರ್ನೆಸ್ ತರಿಸುವ ಏರ್ಪಾಡೂ ಆಗಿತ್ತು. ಕಣ್ಣಿಗೆ ಕಾಣುವ ಸವೆತವೇ ಹೀಗೆ ಪ್ರಾಣಕ್ಕೆ ಎರವಾದರೆ, ಕಾಣದ ಸವೆತದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ ಎಂಬುದು ಸ್ಪಷ್ಟ.

2012ರಲ್ಲಿ ಆರೋಹಣ ಕುರಿತು ಅನೇಕ ಪುಸ್ತಕಗಳನ್ನು ಬರೆದ ಜಾನ್ ಲಾಂಗ್ ಅವರು ಲಾಸ್ ಏಂಜಲೀಸ್‌ನ ಒಳಾಂಗಣ ಗೋಡೆಯೊಂದರಲ್ಲಿ ಬಿದ್ದು ಕಾಲಿಗೆ ತೀವ್ರ ಗಾಯ ಮಾಡಿಕೊಂಡರು. ಅಲ್ಲಿಯೂ ಕಾರಣ ಪೂರ್ಣಗೊಳಿಸದ ಗಂಟು. ಒಳಾಂಗಣ ಗೋಡೆಯಾದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು, ಅನುಭವವೊಂದೇ ರಕ್ಷಣೆಯಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ಹಿನ್ನೆಲೆಯಲ್ಲಿ ಹಾರ್ನೆಸ್ ಚಡ್ಡಿಯ ಪ್ರಮುಖ ಮಿತಿಗಳನ್ನು ಹೀಗೆ ಪಟ್ಟಿಮಾಡಬಹುದು:

ಮರೆಯಾದ ಭಾಗಗಳು: ಕಾಲುಪಟ್ಟಿಗಳು ಹೊರಗಿನಿಂದ ಕಾಣದ ಕಾರಣ ಜೊತೆಗಾರನ ತಪಾಸಣೆ ಮುಂಭಾಗಕ್ಕೆ ಸೀಮಿತವಾಗುತ್ತದೆ. ಒಳಭಾಗದ ಹೊಣೆ ಧರಿಸುವವರದೇ.

ಕಳೆದುಹೋಗುವ ಒಂದು ಹಂತ: ಹಾರ್ನೆಸ್ ಕಟ್ಟಿಕೊಳ್ಳುವುದು ಪ್ರತ್ಯೇಕ ಕ್ರಿಯೆಯಾಗಿದ್ದಾಗ ಅದೇ ಒಂದು ಎಚ್ಚರಿಕೆಯ ಗಂಟೆಯಂತೆ ಕೆಲಸ ಮಾಡುತ್ತದೆ. ಬಟ್ಟೆಯೊಂದಿಗೇ ಹಾರ್ನೆಸ್ ಬಂದಾಗ ಆ ಗಂಟೆ ಬಾರಿಸುವುದಿಲ್ಲ. ವಿಶ್ರಾಂತಿಗಾಗಿ ಸೊಂಟಪಟ್ಟಿಯನ್ನು ಸಡಿಲಗೊಳಿಸಿದವರು ಮರಳಿ ಬಿಗಿಗೊಳಿಸಲು ಮರೆಯುವ ಸಾಧ್ಯತೆಯೂ ಇದೆ.

ಶೌಚಾಲಯದ ಬಳಕೆ: ಶೌಚಕ್ಕೆ ಹೋಗುವಾಗ ಹಾರ್ನೆಸ್ ಅನ್ನೇ ಕೆಳಗಿಳಿಸಬೇಕಾಗುತ್ತದೆ. ಹಿಂತಿರುಗಿದ ಮೇಲೆ ಮೊದಲಿನಿಂದ ಎಲ್ಲವನ್ನೂ ಪರೀಕ್ಷಿಸಬೇಕು.

ಅಳತೆ: ಬಟ್ಟೆಗೂ ಹಾರ್ನೆಸ್‌ಗೂ ಒಂದೇ ಅಳತೆ ಇರುವುದರಿಂದ ತೊಡೆ ಮತ್ತು ಸೊಂಟದ ಅನುಪಾತ ಭಿನ್ನವಾಗಿರುವವರಿಗೆ ಸರಿಹೊಂದದಿರಬಹುದು. ಚಳಿಗೆ ದಪ್ಪ ಪ್ಯಾಂಟ್ ಧರಿಸಿ ಅದರ ಮೇಲೆ ಬಳಸುವಂತಿಲ್ಲ.

ಮಕ್ಕಳು: ಚಿಕ್ಕ ಮಕ್ಕಳ ಸೊಂಟವು ಕಿರಿದಾಗಿರುವುದರಿಂದ ತಲೆಕೆಳಗಾದಾಗ ಆಸನ ಹಾರ್ನೆಸ್‌ನಿಂದ ಜಾರುವ ಅಪಾಯವಿದೆ. ಅವರಿಗೆ ಪೂರ್ಣ ದೇಹದ ಹಾರ್ನೆಸ್ ಸೂಕ್ತ.

ಹಂಚಿಕೆ: ತರಬೇತಿ ಶಿಬಿರಗಳಲ್ಲಿ ಒಂದೇ ಹಾರ್ನೆಸ್ ಅನ್ನು ಹಲವರು ಸರದಿಯ ಮೇಲೆ ಬಳಸುತ್ತಾರೆ. ಚಡ್ಡಿಯನ್ನು ಹಾಗೆ ಹಂಚಿಕೊಳ್ಳುವುದು ನೈರ್ಮಲ್ಯದ ದೃಷ್ಟಿಯಿಂದ ಸಾಧ್ಯವಿಲ್ಲ.

ತಪಾಸಣೆ ಮತ್ತು ನಿರ್ವಹಣೆ

ಬೆವರು ಹೀರಿದ ಉಡುಪನ್ನು ಪದೇ ಪದೇ ಒಗೆಯಬೇಕು. ಹಾರ್ನೆಸ್ ಅನ್ನಾದರೋ ಅಗತ್ಯವಿದ್ದಾಗ ಮಾತ್ರ ತೊಳೆಯುವುದು ರೂಢಿ. ಎರಡೂ ಒಂದೇ ಆದಾಗ ಈ ಎರಡು ಅಗತ್ಯಗಳ ನಡುವೆ ಘರ್ಷಣೆ ಉಂಟಾಗುತ್ತದೆ. ತಯಾರಕರ ಸೂಚನೆಯನ್ನು ಓದಿ ಅದರಂತೆ ನಡೆಯುವುದೇ ಇದಕ್ಕೆ ಪರಿಹಾರ. ಸಾಮಾನ್ಯವಾಗಿ ಹಾರ್ನೆಸ್‌ಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಮೃದುವಾದ ಸಾಬೂನಿನಿಂದ ಕೈಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಲಾಗುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿಯುವುದು, ಬ್ಲೀಚ್ ಬಳಸುವುದು, ಇಸ್ತ್ರಿ ಮಾಡುವುದು ಸಲ್ಲದು. ನೈಲಾನ್ ನೂಲು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಲಕ್ರಮೇಣ ದುರ್ಬಲಗೊಳ್ಳುತ್ತದೆ. ಬ್ಯಾಟರಿಯ ಆಮ್ಲ ತಗುಲಿದರೆ ಹೊರಗೆ ಕಲೆ ಕಾಣದಿದ್ದರೂ ನೂಲು ಬಲ ಕಳೆದುಕೊಳ್ಳಬಹುದು. ಆದ್ದರಿಂದ ವಾಹನದ ಡಿಕ್ಕಿಯಲ್ಲಿ ಇನ್ವರ್ಟರ್ ಅಥವಾ ವಾಹನದ ಬ್ಯಾಟರಿಯ ಪಕ್ಕದಲ್ಲಿ ಇಡಬಾರದು.

ಪಟ್ಟಿಗಳ ಅಂಚಿನಲ್ಲಿ ನೂಲು ಎದ್ದಿರುವುದು, ಹೊಲಿಗೆ ಬಿಚ್ಚಿರುವುದು, ಬಣ್ಣ ಮಾಸಿರುವುದು, ಪಟ್ಟಿ ಗಡುಸಾಗಿರುವುದು ಅಥವಾ ಸುಟ್ಟು ಹೊಳಪು ಬಂದಿರುವುದು ಸವೆತದ ಲಕ್ಷಣಗಳು. ಹಗ್ಗವು ಉಜ್ಜುವ ಮುಂಭಾಗದ ಬಳೆಗಳು ಎಲ್ಲಕ್ಕಿಂತ ಬೇಗ ಸವೆಯುತ್ತವೆ. ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ಬಳಕೆಯನ್ನು ನಿಲ್ಲಿಸಬೇಕು. ಬಳಸದೆ ಇಟ್ಟಿದ್ದರೂ ಹತ್ತು ವರ್ಷಗಳ ನಂತರ ಹಾರ್ನೆಸ್ ಅನ್ನು ತ್ಯಜಿಸಬೇಕೆಂಬುದು ಹಲವು ತಯಾರಕರ ಸೂಚನೆ. ನಿಯಮಿತವಾಗಿ ಬಳಸುವವರ ಹಾರ್ನೆಸ್‌ನ ಆಯುಷ್ಯ ಇದಕ್ಕಿಂತ ಬಹಳ ಕಡಿಮೆ. ತ್ಯಜಿಸಿದ ಉಡುಪಿನ ಬಟ್ಟೆ ಚೆನ್ನಾಗಿದೆಯೆಂದು ಬೇರೆಯವರಿಗೆ ಕೊಡುವ ಮೊದಲು ಹಗ್ಗ ಕಟ್ಟುವ ಬಳೆಗಳನ್ನು ಕತ್ತರಿಸಿಹಾಕಬೇಕು. ಇಲ್ಲವಾದರೆ ತಿಳಿಯದವರು ಅದನ್ನು ಆರೋಹಣಕ್ಕೆ ಬಳಸಬಹುದು.

ಕರ್ನಾಟಕದಲ್ಲಿ

ಕರ್ನಾಟಕವು ಭಾರತದ ಪ್ರಮುಖ ಶಿಲಾರೋಹಣ ತಾಣಗಳನ್ನು ಹೊಂದಿರುವ ರಾಜ್ಯಗಳಲ್ಲಿ ಒಂದಾಗಿದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು, ರಾಮನಗರ ಮತ್ತು ಸಾವನದುರ್ಗದ ಗ್ರಾನೈಟ್ ಬೆಟ್ಟಗಳು ಹಗ್ಗದ ಆರೋಹಣಕ್ಕೆ ಹೆಸರಾಗಿವೆ. ಹಂಪಿಯ ಬಂಡೆಗಳು ಬೋಲ್ಡರಿಂಗ್‌ಗೆ ವಿಶ್ವಪ್ರಸಿದ್ಧ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ‘ಕೋತಿರಾಜ’ ಎಂದು ಹೆಸರಾದ ಜ್ಯೋತಿರಾಜ್ ಅವರಿಂದ ಗೋಡೆ ಏರುವ ಸಾಹಸವು ನಾಡಿನ ಜನಸಾಮಾನ್ಯರಿಗೂ ಪರಿಚಿತವಾಯಿತು. ಆದರೆ ಹಗ್ಗವಿಲ್ಲದ ಅಂತಹ ಸಾಹಸ ಮತ್ತು ಹಾರ್ನೆಸ್ ಬಳಸುವ ಕ್ರೀಡಾ ಆರೋಹಣ ಇವೆರಡೂ ಬೇರೆ ಬೇರೆ.

ಕೃತಕ ಗೋಡೆಗಳ ಪೈಕಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಗೋಡೆ ಪ್ರಮುಖವಾದುದು. ಕೊಡಗಿನ ಸೇನಾನಿ ಜನರಲ್ ಕೆ. ಎಸ್. ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿಯು ರಾಜ್ಯದಲ್ಲಿ ಶಿಲಾರೋಹಣ ಹಾಗೂ ಇತರ ಸಾಹಸ ಕ್ರೀಡೆಗಳ ತರಬೇತಿಯನ್ನು ನೀಡುತ್ತದೆ. 2020ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ (2021ರಲ್ಲಿ ನಡೆಯಿತು) ಕ್ರೀಡಾ ಆರೋಹಣವು ಮೊದಲ ಬಾರಿಗೆ ಸೇರ್ಪಡೆಯಾಯಿತು. ಅದರ ಲೀಡ್ ಮತ್ತು 15 ಮೀಟರ್ ಎತ್ತರದ ವೇಗ ಸ್ಪರ್ಧೆಗಳಲ್ಲಿ ಹಾರ್ನೆಸ್ ಕಡ್ಡಾಯ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯು ಬೆಂಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕೋಲಾರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಮೇಲಿದೆ. ಇಲ್ಲಿಂದ ಒಂದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಬೆಂಗಳೂರಿನ ಕೃತಕ ಗೋಡೆಗಳು, ಪೂರ್ವಕ್ಕೆ ಹೋದರೆ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳು ಸಿಗುತ್ತವೆ. ಅದೇ ಜಿಲ್ಲೆಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗ ಮತ್ತು ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟಗಳಿವೆ. ಇವು ಮುಖ್ಯವಾಗಿ ಚಾರಣದ ತಾಣಗಳು.

ಗೋಡೆ ಮತ್ತು ಬಂಡೆಯ ಈ ಎರಡು ದಿಕ್ಕುಗಳು ಹಾರ್ನೆಸ್ ಚಡ್ಡಿಯ ಆಯ್ಕೆಗೂ ಅನ್ವಯಿಸುತ್ತವೆ. ಕೃತಕ ಗೋಡೆಯ ಮೇಲ್ಮೈ ನಯವಾಗಿದ್ದು, ಏರಿಕೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಗ್ರಾನೈಟ್ ಬಂಡೆಯ ಹರಳುಗಳು ಒರಟಾಗಿದ್ದು ಬಟ್ಟೆಯನ್ನೂ ಪಟ್ಟಿಯನ್ನೂ ಬೇಗ ಸವೆಸುತ್ತವೆ. ಅಲ್ಲಿ ಗಂಟೆಗಟ್ಟಲೆ ಹಗ್ಗದ ಮೇಲೆ ತೂಗಬೇಕಾಗಬಹುದು. ಹೆಚ್ಚಿನ ಸಲಕರಣೆಗಳನ್ನೂ ಒಯ್ಯಬೇಕು. ಆದ್ದರಿಂದ ಬಂಡೆಗಳಿಗೆ ಮೆತ್ತೆಯುಳ್ಳ ಪ್ರತ್ಯೇಕ ಹಾರ್ನೆಸ್ ಹೆಚ್ಚು ಸೂಕ್ತ. ಒಂದೇ ಸಾಧನವನ್ನು ಕೊಳ್ಳಬಯಸುವ, ಎರಡೂ ಕಡೆ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಹಾರ್ನೆಸ್ಸೇ ಉಪಯುಕ್ತ. ವಾರಕ್ಕೆ ಹಲವು ಬಾರಿ ಒಳಾಂಗಣ ಗೋಡೆಗಳಲ್ಲೇ ಅಭ್ಯಾಸ ಮಾಡುವವರಿಗೆ, ಪ್ರತಿ ಬಾರಿಯೂ ಉಡುಪನ್ನು ಒಳಮಗ್ಗುಲಾಗಿಸಿ ನೋಡುವ ಶಿಸ್ತು ಇದ್ದಲ್ಲಿ, ಹಾರ್ನೆಸ್ ಚಡ್ಡಿಯು ಅನುಕೂಲಕರ ಆಯ್ಕೆಯಾಗಬಲ್ಲದು.

ಇದನ್ನೂ ನೋಡಿ

ಶಿಲಾರೋಹಣ
ಪರ್ವತಾರೋಹಣ
ಕ್ರೀಡಾ ಆರೋಹಣ
ಬಾದಾಮಿ
ಸಾವನದುರ್ಗ
ಅಂತರಗಂಗೆ
ಹೊಸಕೋಟೆ